ಕರಿ ಸಾಲದ ಬಾಣಲೆ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಅವಳು ಬ್ರೆಡ್ಡು ಸುಟ್ಟಳು.

ಬೇಕಂತ ಸುಟ್ಟದ್ದಲ್ಲ. ಕಾವಲಿಯ ಮೇಲೆ ಎರಡು ಹೋಳು ಹಾಕಿ, ಎದುರುಮನೆಯವರು ಬಟ್ಟೆ ಒಣಗಹಾಕುವುದನ್ನು ಕಿಟಕಿಯಿಂದ ನೋಡುತ್ತ ನಿಂತಿದ್ದಳು, ಅಷ್ಟೆ. ಹೊಗೆ ಎದ್ದಾಗ ಅಭ್ಯಾಸಬಲದಿಂದ ಬಚ್ಚಲುಮನೆಯ ಬಾಗಿಲ ಕಡೆ ತಿರುಗಿದಳು. ಈ ಮನೆಯಲ್ಲಿ ಏನೇ ಕರಕಲಾಗಲಿ, ಆ ಬಾಗಿಲು ದಡಾರನೆ ತೆರೆದುಕೊಳ್ಳುತ್ತಿತ್ತು. ಬಾಯಿತುಂಬ ಟೂತ್‌ಪೇಸ್ಟಿನ ನೊರೆ ಇಟ್ಟುಕೊಂಡ ಗಂಡ ಓಡಿಬಂದು, ಒಲೆ ಆರಿಸಿ, ಬ್ರೆಡ್ಡನ್ನು ಇಕ್ಕಳದಲ್ಲಿ ಹಿಡಿದು, ಸತ್ತ ಇಲಿಯನ್ನು ಎತ್ತಿಹಾಕುವವನಂತೆ ಕಸದ ಡಬ್ಬಿಗೆ ಹಾಕುತ್ತಿದ್ದ. ನೊರೆಯ ಒಳಗಿನಿಂದ ಒಂದೇ ಮಾತು ಬರುತ್ತಿತ್ತು: "ಬೆಂಜೋಪೈರೀನ್!"

ಇವತ್ತು ಯಾರೂ ಬರಲಿಲ್ಲ. ಬ್ರೆಡ್ಡು ತನ್ನ ಪಾಡಿಗೆ ಸುಡುತ್ತ ಹೋಯಿತು.

ಕೊನೆಗೆ ಬಂದವರು ಅತ್ತೆ. ಒಲೆ ಆರಿಸಿ, ಕಪ್ಪಗಾದ ಹೋಳನ್ನು ತಟ್ಟೆಗೆ ಹಾಕಿಕೊಂಡು, ಬೆಣ್ಣೆ ಸವರಿ, ಕರುಂ ಕರುಂ ಎಂದು ತಿನ್ನತೊಡಗಿದರು.

"ಅತ್ತೆ, ಅದು ಸುಟ್ಟಿದೆ."

"ಗೊತ್ತು ಕಣೆ. ಅವನು ಕಾಲೇಜು ಸೇರಿದಾಗಿನಿಂದ ಈ ರುಚಿ ನೋಡೇ ಇಲ್ಲ ನಾನು." ಇನ್ನೊಂದು ತುಣುಕು ಮುರಿದು ಬಾಯಿಗಿಟ್ಟುಕೊಂಡರು. 

ಸತ್ತವನು ಡಾಕ್ಟರು. ಆದರೆ ಜ್ವರಕ್ಕೆ ಮದ್ದು ಕೊಡುವ ಡಾಕ್ಟರಲ್ಲ. ಬೀದಿಯವರು ಕೆಮ್ಮಿಕೊಂಡು ಬಂದಾಗಲೆಲ್ಲ "ನಾನು ಆ ಡಾಕ್ಟರಲ್ಲ" ಎನ್ನುತ್ತಿದ್ದ. "ದೊಡ್ಡ ಡಾಕ್ಟ್ರುಗಳೆಲ್ಲ ಹಾಗೇ ಅನ್ನೋದು" ಎಂದು ಅವರು ಇನ್ನಷ್ಟು ಜೋರಾಗಿ ಕೆಮ್ಮುತ್ತಿದ್ದರು. ಅವನ ಕೆಲಸ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಪ್ರಯೋಗಾಲಯದಲ್ಲಿ. ಹೊಗೆ, ಡಾಂಬರು, ಸುಟ್ಟ ಎಣ್ಣೆ ಇವುಗಳಲ್ಲಿರುವ ಬೆಂಜೋಪೈರೀನಿನಂಥ ಯಾವ ರಾಸಾಯನಿಕ ಜೀವಕೋಶದ ದಾರಿ ತಪ್ಪಿಸುತ್ತದೆ ಎಂದು ಹುಡುಕುವುದು ಕೆಲಸದ ಒಂದು ಅರ್ಧ. ದಾರಿ ತಪ್ಪಿದ ಜೀವಕೋಶ ತಾನು ತಪ್ಪಿದ್ದೇನೆಂದು ರಕ್ತದಲ್ಲೋ ಮೂತ್ರದಲ್ಲೋ ಯಾವ ಗುರುತು ಬಿಡುತ್ತದೆ ಎಂದು ನೋಡುವುದು ಇನ್ನೊಂದು ಅರ್ಧ. ಆ ಗುರುತಿಗೆ ಮಾರ್ಕರ್ ಎಂದು ಹೆಸರು. "ನನ್ನ ಮಗ ಮಾರ್ಕರ್ ಮೇಲೆ ಸಂಶೋಧನೆ ಮಾಡ್ತಿದಾನೆ" ಎಂದು ಅತ್ತೆ ಊರೆಲ್ಲ ಹೇಳಿಕೊಂಡು ಬಂದದ್ದಕ್ಕೆ, ಮಕ್ಕಳ ಡ್ರಾಯಿಂಗಿಗೆ ಹಸಿರುಬಣ್ಣದ್ದು ಎರಡಿದ್ದರೆ ಕೊಡಿ ಎಂದು ದೂರದ ನೆಂಟರೊಬ್ಬರು ಮನೆಗೇ ಬಂದಿದ್ದರು.

ಮದುವೆಗೆ ಮುಂಚಿನಿಂದಲೂ ಅವನು ಒಂದೇ ಮಾರ್ಕರಿನ ಬೆನ್ನು ಹತ್ತಿದ್ದ. ಗಡ್ಡೆ ಇದ್ದವರ ರಕ್ತದಲ್ಲಿ ಅದು ಚೆನ್ನಾಗಿ ಏರುತ್ತಿತ್ತು. ಪ್ರಬಂಧ ಬರೆಯಲು ಕೂತಾಗ ತಿಳಿಯಿತು, ನೆಗಡಿ ಆದವರ ರಕ್ತದಲ್ಲೂ ಅಷ್ಟೇ ಚೆನ್ನಾಗಿ ಏರುತ್ತದೆ ಎಂದು. ಆವತ್ತು ಸಂಜೆ ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ಹೇಳಿದ್ದ: "ಜಗತ್ತಿನ ಅತಿ ದುಬಾರಿ ನೆಗಡಿ ಪರೀಕ್ಷೆ ಕಂಡುಹಿಡಿದಿದ್ದೀನಿ ಕಣೆ. ಕರ್ಚೀಫು ನೋಡಿದ್ರೆ ಗೊತ್ತಾಗೋದನ್ನ." ಊಟ ಮಾಡಿದ, ಮಲಗಿದ, ಬೆಳಿಗ್ಗೆ ಎದ್ದು ಇನ್ನೊಂದು ಮಾರ್ಕರ್ ಹುಡುಕಲು ಹೊರಟ. ಹೊಗೆಯ ಹತ್ತಿರ ನಿಲ್ಲುವವರು ಕಣ್ಣಿಗೆ ಬಿದ್ದರೆ ಸಾಕು, ಅವರ ಮೂತ್ರ ಕೇಳಿ ಪಡೆಯಲು ಚೀಲದಿಂದ ಮುಚ್ಚಳದ ಪುಟ್ಟ ಬಾಟಲಿ ಹೊರಗೆ ಬರುತ್ತಿತ್ತು. ರಸ್ತೆಗೆ ಡಾಂಬರು ಹಾಕುವವರು, ಗ್ಯಾರೇಜಿನವರು, ಮದುವೆಮನೆಯ ಅಡುಗೆಯವರು, ಯಾರನ್ನೂ ಬಿಟ್ಟವನಲ್ಲ. ನೆಂಟರ ಮದುವೆಯೊಂದರಲ್ಲಿ ವರನ ಕಡೆಯವರು ಅವನನ್ನು ಬೇರೇನೋ ಅಂದುಕೊಂಡು ಹೊರಗೆ ಕಳಿಸುವುದರಲ್ಲಿದ್ದರು.

ಇಂಥವನು ಸತ್ತದ್ದು ಹೃದಯ ನಿಂತು, ಪ್ರಯೋಗಾಲಯದ ಮೆಟ್ಟಿಲ ಮೇಲೆ. ಬಂದವರೆಲ್ಲ ದನಿ ತಗ್ಗಿಸಿ "ಕ್ಯಾನ್ಸರಾ?" ಎಂದು ಕೇಳಿದರು. "ಅಲ್ಲ, ಹಾರ್ಟು" ಎಂದಾಗ, ಗಣಿತದ ಮೇಷ್ಟರು ಭೂಗೋಳದಲ್ಲಿ ಫೇಲಾದರು ಎಂದು ಕೇಳಿದವರ ಹಾಗೆ ಮುಖ ಮಾಡಿದರು. ಅವಳಿಗೆ ಅಳು ಬರಲಿಲ್ಲ. ಅವಳು ರಸಾಯನಶಾಸ್ತ್ರದ ಉಪನ್ಯಾಸಕಿ. ತರಗತಿಯ ಗದ್ದಲದಲ್ಲಿ ಒಂದೇ ಉತ್ತರವನ್ನು ಎಷ್ಟು ಸಲ ಬೇಕಾದರೂ ಹೇಳಿ ಅಭ್ಯಾಸವಿತ್ತು. ಅಲ್ಲ, ಹಾರ್ಟು. ಅಲ್ಲ, ಹಾರ್ಟು.

ಅತ್ತೆ ಬ್ರೆಡ್ಡಿನ ತಟ್ಟೆ ತೊಳೆಯುತ್ತಿದ್ದಾಗ ಕರೆಗಂಟೆ ಬಡಿಯಿತು. ಬೀದಿಯ ತಿರುವಿನಲ್ಲಿ ಆಲೂಗಡ್ಡೆ, ಈರುಳ್ಳಿ ಕರಿದು ಮಾರುವ ಅಂಗಡಿಯವನು. ಬೆಳಗಿನಿಂದ ಸಂಜೆತನಕ "ಗರಿಗರಿ, ಗರಿಗರಿ" ಎಂದು ಕೂಗುವುದರಿಂದ ಬೀದಿಯವರಿಗೆ ಅವನು ಗರಿಗರಿಯಣ್ಣ. ಇವತ್ತು ದನಿಯಲ್ಲಿ ಗರಿ ಇರಲಿಲ್ಲ. ಕುರ್ಚಿಯ ಅಂಚಿನಲ್ಲಿ ಕೂತು ಕೈ ಹಿಸುಕಿಕೊಂಡ.

"ತಿಂಡಿ ಆಯ್ತಾ ಅಮ್ಮಾ?"

"ಆಯ್ತು."

"ಆಗ್ಬೇಕು, ಆಗ್ಬೇಕು. ಏನ್ ಮಾಡೋದು, ತಿನ್ಲೇಬೇಕಲ್ಲ." ಅಡುಗೆಮನೆಯ ಕಡೆ ಕತ್ತು ಉದ್ದ ಮಾಡಿ ಇಣುಕಿದ. "ಡಾಕ್ಟ್ರು ದೇವರಂಥೋರು. ನನ್ನ ಉಚ್ಚೇನೂ ಬಿಡ್ಲಿಲ್ಲ. ಏನ್ ಮರ್ಯಾದೆಯಿಂದ ಕೇಳಿದ್ರು ಅಂತೀರಿ! ನನ್ನ ಹೆಂಡ್ತಿ ಒಂದ್ ಲೋಟ ನೀರನ್ನೂ ಆ ಥರ ಕೇಳಿಲ್ಲ."

ಅತ್ತೆ ಬಾಗಿಲ ಮರೆಯಿಂದ ಕೈಸನ್ನೆ ಮಾಡಿ ಅವಳನ್ನು ಒಳಗೆ ಕರೆದರು. "ಏನೋ ಕೇಳೋಕೆ ಬಂದಿದಾನೆ ಕಣೆ. ನೋಡು, ಅರ್ಧ ಕೂತಿರೋದು ಕುರ್ಚಿ ಮೇಲೆ, ಅರ್ಧ ಗಾಳೀಲಿ."

ಅವಳು ಹೊರಗೆ ಬರುವಷ್ಟರಲ್ಲಿ ಅವನು ಎದ್ದು ನಿಂತಿದ್ದ.

"ಏನೋ ಹೇಳ್ಬೇಕು ಅಂತಿದ್ರಿ."

"ಇದು ಹೇಳೋ ಸಮಯ ಅಲ್ಲಮ್ಮ. ಇನ್ನೊಂದ್ಸಲ ಬರ್ತೀನಿ." ಬಾಗಿಲ ತನಕ ಹೋದ. ವಾಪಸ್ ಬಂದು ಮತ್ತೆ ಕೂತ. "ನಮ್ಮನೆಯವಳು ಭಾನುವಾರ ಬರ್ತಾಳೆ. ಮಗಳ ಹೆರಿಗೆಗೆ ಹೋಗಿದ್ಲು."

"ಒಳ್ಳೇದು."

"ಒಳ್ಳೇದಲ್ಲ," ಎಂದ ಗರಿಗರಿಯಣ್ಣ. ಅಲ್ಲಿಂದ ಮಾತು ತಾನಾಗಿ ಉರುಳಿಕೊಂಡು ಬಂತು. "ನಮ್ಮ ಬಾಣಲೆ ಡಾಕ್ಟ್ರ ಹತ್ರ ಇದೆಯಮ್ಮ. ಕಬ್ಬಿಣದ್ದು. ಅವಳ ತವರಿನಿಂದ ಬಂದಿದ್ದು. ಅವರಮ್ಮ ಕರೀತಿದ್ದ ಬಾಣಲೆ, ಅದರ ಒಳಗೆ ಎಷ್ಟೋ ವರ್ಷದ ಕರಿ ಕೂತಿದೆ. ಒಂದಿನಾನೂ ಸೋಪು ಹಾಕಿ ಉಜ್ಜಿಲ್ಲ. ಅದಕ್ಕೇ ನಮ್ಮ ಆಲೂಗಡ್ಡೆ ತಳ ಹಿಡಿಯಲ್ಲ, ಗರಿಗರಿ ಬರುತ್ತೆ. ಡಾಕ್ಟ್ರು ಆ ಕರಿ ನೋಡ್ದೋರು, ಬೇರೇ ಗಂಡಸರು ಬಂಗಾರ ನೋಡ್ತಾರಲ್ಲ, ಹಾಗ್ ನೋಡಿದ್ರು. ಒಂದು ವಾರಕ್ಕೆ ಕೊಡಪ್ಪ, ಉಗುರಿನಷ್ಟು ಕೆರ್ಕೊಂಡು ಇದ್ದ ಹಾಗೇ ವಾಪಸ್ ಕೊಡ್ತೀನಿ ಅಂದ್ರು. ಅವಳಿರ್ಲಿಲ್ಲ, ಕೊಟ್ಬಿಟ್ಟೆ. ಫೋನಲ್ಲಿ ಬಾಣಲೆ ಹೇಗಿದೆ ಅಂದ್ಲು."

"ಬಾಣಲೆ ಹೇಗಿದೆ ಅಂತಾನಾ?"

"ನಾನ್ ಹೇಗಿದೀನಿ ಅಂತ ಆಮೇಲೆ ಕೇಳಿದ್ಲು. ಹಿಡಿ ಸಡಿಲ ಆಗಿತ್ತು, ರಿಪೇರಿಗೆ ಕೊಟ್ಟಿದೀನಿ ಅಂತ ಸುಳ್ಳು ಹೇಳಿದೀನಿ. ಈಗ ಹೊಸ ಬಾಣಲೇಲಿ ಕರೀತಿದೀನಿ, ಎಲ್ಲಾ ಮೆತ್ತಗೆ, ಒದ್ದೆ ಬಟ್ಟೆ ತಿಂದ ಹಾಗೆ. ಕೂಗೋಕೇ ನಾಚಿಕೆ ಆಗುತ್ತೆ. ಅವಳು ಬರೋದ್ರೊಳಗೆ ಇದ್ದ ಹಾಗೇ ಸಿಕ್ಕಿಬಿಟ್ರೆ…"

ಇದ್ದ ಹಾಗೇ. ಗಂಡನ ಮಾತೇ ಅದು. ಅವಳಿಗೆ ಅವನ ದನಿಯೂ ಕೇಳಿಸಿತು, ಆ 'ಹಾಗೇ' ಮೇಲೆ ಬೀಳುವ ಒತ್ತೂ. ಅವನು ಜನರಿಂದ ರಕ್ತ ಇಸಿದುಕೊಂಡ, ಮೂತ್ರ ಇಸಿದುಕೊಂಡ, ಅವರ ಸಮಯ ಇಸಿದುಕೊಂಡ. ಅವನ್ನು ಹಿಂದಿರುಗಿಸುವ ಹಾಗಿರಲಿಲ್ಲ. ಹಿಂದಿರುಗಿಸುತ್ತೇನೆಂದು ಬಾಯಿಬಿಟ್ಟು ಹೇಳಿ ತಂದದ್ದು ಇದೊಂದೇ. ಬೀದಿಯ ತಿರುವಿನಲ್ಲಿ ಇನ್ನು ಮೇಲೆ ಅವನ ಹೆಸರು ಬಂದಾಗ, ಬಾಣಲೆ ತಗೊಂಡು ಹೋಗಿ ಸತ್ತವನು ಎಂದಾಗಬಾರದು. ಎಷ್ಟೋ ದಿನದ ಮೇಲೆ ಅವಳಿಗೆ ಏನೋ ಒಂದು ಬೇಕು ಅನ್ನಿಸಿತು.

"ಭಾನುವಾರದೊಳಗೆ ನಾನೇ ತಂದುಕೊಡ್ತೀನಿ," ಎಂದಳು. "ಇದ್ದ ಹಾಗೇ."

ಪ್ರಯೋಗಾಲಯದಲ್ಲಿ ಗಂಡನ ಮೇಜು ಆಗಲೇ ಖಾಲಿಯಾಗಿತ್ತು. ಅವನ ಸಂಶೋಧನಾ ವಿದ್ಯಾರ್ಥಿನಿ ರಟ್ಟಿನ ಪೆಟ್ಟಿಗೆಯೊಂದನ್ನು ಸಿದ್ಧಮಾಡಿ ಇಟ್ಟುಕೊಂಡು ಕಾಯುತ್ತಿದ್ದಳು. ಉದ್ದಕ್ಕೆ, ತೆಳ್ಳಗೆ ಇದ್ದು, ಮಾತನ್ನು ಒಂದೊಂದೇ ಹನಿ ಬಿಡುತ್ತಿದ್ದ ಈ ಹುಡುಗಿಗೆ, ಹನಿ ಹಾಕುವ ಗಾಜಿನ ಕೊಳವೆಯ ನೆನಪಾಗಿ, ಅವನೇ ಪಿಪೆಟ್ಟು ಎಂದು ಹೆಸರಿಟ್ಟಿದ್ದ. ಈಗ ಇಡೀ ಪ್ರಯೋಗಾಲಯ ಹಾಗೇ ಕರೆಯುತ್ತಿತ್ತು.

"ಸರ್ ಸಾಮಾನು, ಮೇಡಂ," ಎಂದಳು ಪಿಪೆಟ್ಟು. ಸ್ವಲ್ಪ ತಡೆದು, "ಎಲ್ಲಾ ತೊಳೆದಿದೀನಿ."

ಅವಳು ಪೆಟ್ಟಿಗೆ ತೆರೆದಳು. ಕಾಫಿ ಬಟ್ಟಲು ಅಂಗಡಿಯಿಂದ ಈಗ ತಂದಂತೆ ಬೆಳ್ಳಗಿತ್ತು. ಚಪ್ಪಲಿಯ ಅಡಿಭಾಗ ಕೂಡ ಶುಭ್ರ. ಬಿಳಿ ಕೋಟನ್ನು ಎತ್ತಿ, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು ಮೂಗಿನ ಹತ್ತಿರ ತಂದಳು. ಸ್ಪಿರಿಟ್ಟಿನ ವಾಸನೆ ಬಡಿಯಿತು. ಮಡಿಚಿ ಇಟ್ಟಳು.

ಅದರ ಕೆಳಗೆ ಬಾಣಲೆ ಇತ್ತು. ಅದರೊಳಗಿನಿಂದ ಅವಳ ಮುಖವೇ ಅವಳನ್ನು ನೋಡಿತು. ಕೂದಲು ಬಾಚಿಕೊಂಡಿಲ್ಲ ಎನ್ನುವುದು ಕೂಡ ಕಾಣುವಷ್ಟು ಸ್ಪಷ್ಟವಾಗಿ.

"ಇದು…" ಎಂದಳು.

"ತುಂಬಾ ಕಷ್ಟ ಆಯ್ತು ಮೇಡಂ," ಪಿಪೆಟ್ಟಿನ ಮುಖದಲ್ಲಿ ಹೆಮ್ಮೆ ಮೂಡಿತು. "ಮೊದ್ಲು ಕ್ಷಾರದಲ್ಲಿ ನೆನೆಹಾಕ್ದೆ. ಆಮೇಲೆ ಆಸಿಡ್. ಆಮೇಲೆ ಆಸಿಟೋನ್. ಆಮೇಲೆ ಓವನ್ನಲ್ಲಿ ಒಣಗಿಸ್ದೆ. ಕ್ಯಾನ್ಸರ್ ತರೋ ಕಾರ್ಸಿನೋಜೆನ್ ಅಂಟಿರೋ ವಸ್ತು ಹಾಗೇ ಲ್ಯಾಬಿಂದ ಹೊರಗೆ ಹೋಗೋ ಹಾಗಿಲ್ಲ. ಸರ್‌ದೇ ರೂಲು. ಅವರ ಸಾಮಾನಿಗೇ ರೂಲು ಮುರಿದ್ರೆ ಅವರಿಗೆ ಹೇಗನ್ಸುತ್ತೆ ಅಂತ…"

"ಇದು ಸರ್‌ದಲ್ಲ. ಆಲೂಗಡ್ಡೆ ಕರಿಯೋರದು. ಆ ಕರೀನೇ ಅವರಿಗೆ ಬೇಕಾಗಿರೋದು."

ಪಿಪೆಟ್ಟು ಬಾಣಲೆ ನೋಡಿದಳು, ಅವಳನ್ನು ನೋಡಿದಳು, ಮತ್ತೆ ಬಾಣಲೆ ನೋಡಿದಳು. ಆಮೇಲೆ ತೂಬು ಕಿತ್ತುಹೋದ ಹಾಗೆ ಅಳಲು ಶುರುಮಾಡಿದಳು. ಅಕ್ಕಪಕ್ಕದ ಮೇಜಿನವರು ಎದ್ದು ಬಂದು, ಪಾಪ ಗುರುಗಳ ನೆನಪಾಯಿತೆಂದು ಬೆನ್ನು ಸವರಿದರು. "ಬಾಣಲೆ… ಬಾಣಲೆ…" ಎಂದು ಅವಳು ಬಿಕ್ಕಿದ್ದು ಯಾರಿಗೂ ಅರ್ಥವಾಗಲಿಲ್ಲ. ಹೆಂಡತಿಯಾದವಳು ಒಣಗಿದ ಕಣ್ಣಲ್ಲಿ ನಿಂತು ವಿದ್ಯಾರ್ಥಿನಿಯನ್ನು ಸಮಾಧಾನ ಮಾಡುತ್ತಿದ್ದುದನ್ನು ಮಾತ್ರ ಎಲ್ಲರೂ ಗಮನಿಸಿದರು.

"ಅಳ್ಬೇಡ. ಹೊಸದಾಗಿ ಕರಿ ಕೂರಿಸಬಹುದಲ್ಲ?"

ಪಿಪೆಟ್ಟು ಮೂಗು ಒರೆಸಿಕೊಂಡಳು. ಮೆಲ್ಲಗೆ ಅವಳೊಳಗಿನ ಸಂಶೋಧಕಿ ಎಚ್ಚರವಾದಳು. "ಸರ್ ಕೆರೆದಿದ್ರಲ್ಲ, ಅದರ ಗ್ರಾಫ್ ಇದೆ ಮೇಡಂ. ಯಾವ್ ಯಾವ್ ಕೆಮಿಕಲ್ಲು ಎಷ್ಟೆಷ್ಟಿತ್ತು ಅಂತ. ಬಾಣಲೆಯ ಬೆರಳಚ್ಚು ಇದ್ದ ಹಾಗೆ. ನೀವು ಕರಿ ಕೂರಿಸಿ. ನಾನು ಮಿಷನ್ನಲ್ಲಿ ಹಾಕಿ ನೋಡ್ತೀನಿ. ಎರಡೂ ಹೊಂದೋ ತನಕ ಮಾಡೋಣ."

"ಮಿಷನ್ ಕೊಡ್ತಾರಾ?"

"ಪುನರಾವರ್ತನೆ ಪ್ರಯೋಗ ಅಂತ ಬರೀತೀನಿ." ಮತ್ತೆ ಹನಿ ಹನಿ ಮಾತು ಶುರುವಾಗಿತ್ತು. "ಸುಳ್ಳಲ್ಲ."

ಸುದ್ದಿ ಕೇಳಿದ ಅತ್ತೆ ಸೆರಗು ಸಿಕ್ಕಿಸಿಕೊಂಡರು. ಮಗ ಸತ್ತ ದಿನದಿಂದ ಅವರಿಗೆ ಯಾರೂ ಒಂದು ಕೆಲಸ ಕೊಟ್ಟಿರಲಿಲ್ಲ. ನೀವು ಕೂತ್ಕೊಳ್ಳಿ, ನೀವು ಮಲಗಿ ಎಂದು ಎಲ್ಲರೂ ಮೂಲೆಗೆ ಕೂರಿಸಿದ್ದರು.

"ಕರಿ ಹಿಡಿಸೋದಾ? ಅದಕ್ಕೇನಂತೆ. ಎಣ್ಣೆ ತೆಳ್ಳಗೆ ಸವರ್ಬೇಕು, ಹೊಗೆ ಏಳೋ ತನಕ ಕಾಯಿಸ್ಬೇಕು, ಆರಿಸ್ಬೇಕು, ಮತ್ತೆ ಸವರ್ಬೇಕು. ಆದ್ರೆ ಕಿಟಕಿ ಮುಚ್ಚು. ಗಾಳಿಗೆ ಉರಿ ಅಲ್ಲಾಡುತ್ತೆ."

"ಹೊಗೆ ತುಂಬ್ಕೊಳ್ಳುತ್ತೆ ಅತ್ತೆ."

"ತುಂಬ್ಕೊಳ್ಳಲಿ. ಬೇಡ ಅನ್ನೋನು ಇದಾನಾ?"

ಹಾಗೆ ಅಂದುಬಿಟ್ಟ ಮೇಲೆ ಅತ್ತೆ ಸೊಸೆ ಇಬ್ಬರೂ ಬಾಣಲೆಯನ್ನೇ ನೋಡಿದರು. ಆಮೇಲೆ ಅತ್ತೆ ಬೆಂಕಿಕಡ್ಡಿ ಗೀರಿದರು.

ಆ ಅಡುಗೆಮನೆ ಅಂಥ ಹೊಗೆಯನ್ನು ಕಂಡೇ ಇರಲಿಲ್ಲ. ಹಾಲು ಉಕ್ಕಿದರೆ ಕಿಟಕಿ ತೆರೆಯಬೇಕೆಂಬ ನಿಯಮದ ಮನೆ ಅದು. ಪಿಪೆಟ್ಟು ಮುಖಕ್ಕೆ ಮಾಸ್ಕು, ಕಣ್ಣಿಗೆ ದೊಡ್ಡ ಕನ್ನಡಕ, ಕೈಗೆ ಗವಸು ತೊಟ್ಟು ಬಾಗಿಲ ಬಳಿ ಕಾವಲು ನಿಂತಳು. ಅತ್ತೆಯೂ ಹಾಕಿಕೊಳ್ಳಲೆಂದು ಒಂದು ಮಾಸ್ಕು ತಂದಿದ್ದಳು. ಅತ್ತೆ ಅದರಲ್ಲಿ ಎಣ್ಣೆ ಒರೆಸಿದರು.

ಮೇಲಿನ ಮನೆಯವರು ದಡದಡನೆ ಇಳಿದು ಬಂದರು. "ಏನ್ರೀ ಬೆಂಕಿ ಬಿತ್ತಾ? ಡಾಕ್ಟ್ರ ಮನೇಲಿ ಹೊಗೆ! ನನ್ನ ಸಿಗರೇಟಿಗೆ ಮೂರು ಸಲ ನೋಟೀಸ್ ಅಂಟಿಸಿದ್ರಲ್ಲ ನಿಮ್ಮ ಯಜಮಾನ್ರು!"

"ಬಾಣಲೆ ಕಾಯಿಸ್ತಿದೀವಿ," ಎಂದಳು ಅವಳು.

"ಬಾಣಲೇಲಿ ಏನು?"

"ಏನೂ ಇಲ್ಲ."

ಮೇಲಿನ ಮನೆಯವರು ಅವಳನ್ನು ಒಂದು ಕ್ಷಣ ದಿಟ್ಟಿಸಿದರು. ದುಃಖದಲ್ಲಿ ಮನುಷ್ಯರು ಏನೇನೋ ಮಾಡುತ್ತಾರೆ ಎಂಬ ಭಾವ ಅವರ ಮುಖದಲ್ಲಿ ನಿಧಾನವಾಗಿ ಹರಡಿತು. "ಕಾಯಿಸಿ, ಕಾಯಿಸಿ," ಎಂದು ಮೆತ್ತಗೆ ಹೇಳಿ, ಸದ್ದಾಗದಂತೆ ಮೆಟ್ಟಿಲು ಹತ್ತಿದರು.

ಬಾಣಲೆ ಮೊದಲು ಕಂದು ಬಣ್ಣಕ್ಕೆ ತಿರುಗಿತು, ಆಮೇಲೆ ಹುಣಸೆಬೀಜದ ಬಣ್ಣಕ್ಕೆ. ಪಿಪೆಟ್ಟು ಅಂಚಿನಿಂದ ಉಗುರಿನಷ್ಟು ಕೆರೆದು, ಮುಚ್ಚಳದ ಬಾಟಲಿಗೆ ಹಾಕಿಕೊಂಡು ಪ್ರಯೋಗಾಲಯಕ್ಕೆ ಓಡಿದಳು. ಅತ್ತೆ ಸೊಸೆ ಫೋನನ್ನು ಮೇಜಿನ ಮೇಲಿಟ್ಟುಕೊಂಡು, ಪರೀಕ್ಷೆಯ ಫಲಿತಾಂಶ ಕಾಯುವವರ ಹಾಗೆ ಕೂತರು. ಮಧ್ಯಾಹ್ನ ಫೋನು ಬಂತು. ಅವಳು ಇಬ್ಬರಿಗೂ ಕೇಳುವಂತೆ ಸ್ಪೀಕರ್ ಒತ್ತಿದಳು.

"ಮೇಡಂ," ಪಿಪೆಟ್ಟಿನ ದನಿ ಕುಗ್ಗಿತ್ತು. "ಸಾಲದು."

"ಏನು ಸಾಲದು?"

"ಕಾರ್ಸಿನೋಜೆನ್. ಬೆಂಜೋಪೈರೀನ್ ತುಂಬಾ ಕಮ್ಮಿ ಇದೆ. ಇನ್ನೂ ಬೇಕು."

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಅವಳ ಮುಖ ನೋಡಿದರು. ಅತ್ತೆಯ ಮೂಗಿನ ತುದಿಗೆ ಮಸಿ ಹತ್ತಿತ್ತು.

"ಸಾಲದಂತೆ," ಎಂದರು ಅತ್ತೆ.

ನಗಲು ಯಾರು ಮೊದಲು ಶುರುಮಾಡಿದರೋ. ಅತ್ತೆಯ ಹೊಟ್ಟೆ ಕುಲುಕತೊಡಗಿತು, ಅವಳು ಮೇಜಿಗೆ ಹಣೆ ಕೊಟ್ಟಳು. ಇಡೀ ಬದುಕನ್ನು ಕರಿಯ ಕಣವೊಂದು ಕಮ್ಮಿಯಾಗಲಿ ಎಂದು ಕಳೆದವನ ಅಡುಗೆಮನೆಯಲ್ಲಿ, ಅವನ ಶಿಷ್ಯೆಯೇ ಫೋನಿನಲ್ಲಿ ಬೇಡುತ್ತಿದ್ದಳು: "ಮೇಡಂ? ಮೇಡಂ, ಇನ್ನೂ ಜಾಸ್ತಿ ಸುಡಿ ಮೇಡಂ." ಅತ್ತೆ ಕಣ್ಣೊರೆಸಿಕೊಂಡು "ಅಯ್ಯೋ ನನ್ನ ಕಂದಾ, ಇದನ್ನ ಕೇಳಿಸ್ಕೋ!" ಎಂದು ಸೂರಿಗೆ ಹೇಳಿದರು, ಮತ್ತೆ ನಕ್ಕರು. ನಗುವಿನ ಕೊನೆಗೆ ಅವಳಿಗೆ ಉಸಿರು ಸಿಕ್ಕಿಹಾಕಿಕೊಂಡಿತು. ಅಲ್ಲಿಂದ ಮುಂದೆ ಅದು ನಗುವೋ ಏನೋ, ನಿಲ್ಲಿಸಲು ಆಗಲಿಲ್ಲ. ಅತ್ತೆ ಅವಳ ತಲೆಯನ್ನು ಎಳೆದು ಮಡಿಲಿಗೆ ಒತ್ತಿಕೊಂಡರು. ಸೀರೆಯೆಲ್ಲ ಸುಟ್ಟ ಎಣ್ಣೆಯ ವಾಸನೆ. ಮಹಡಿಯ ಮೆಟ್ಟಿಲ ಮೇಲೆ ಯಾರೋ ನಿಂತು ಕೇಳಿಸಿಕೊಂಡು, ಮತ್ತೆ ಸದ್ದಾಗದಂತೆ ಹತ್ತಿಹೋದರು.

"ಮೇಡಂ, ಲೈನಲ್ಲಿದೀರಾ?"

"ಇದೀವಮ್ಮ," ಎಂದರು ಅತ್ತೆ. "ಸುಡ್ತೀವಿ. ಎಷ್ಟು ಬೇಕು ಹೇಳು, ಅಷ್ಟು ಸುಡ್ತೀವಿ."

ಸುಟ್ಟರು. ಎಣ್ಣೆ ಸವರಿದರು, ಕಾಯಿಸಿದರು, ಆರಿಸಿದರು, ಮತ್ತೆ ಸವರಿದರು. ತೆಳ್ಳಗೆ ಸವರಬೇಕೆಂಬುದನ್ನು ಮರೆತು ಅವಳು ಒಮ್ಮೆ ಎಣ್ಣೆ ಸುರಿದಾಗ ಬಾಣಲೆಯ ತುಂಬ ಅಂಟು ಗುಳ್ಳೆಗಳೆದ್ದವು. "ಡಿಗ್ರಿ ಮೇಲೆ ಡಿಗ್ರಿ, ಎಣ್ಣೆ ಹಚ್ಚೋಕೆ ಬರಲ್ಲ" ಎಂದು ಅತ್ತೆ ಬೈದು, ಎಲ್ಲವನ್ನೂ ಕೆರೆಸಿ ಮೊದಲಿನಿಂದ ಶುರುಮಾಡಿಸಿದರು. ಆಮೇಲೆ ಅವರೇ ಆಲೂಗಡ್ಡೆ ಸಿಪ್ಪೆ ಹಾಕಿ ಕರಿದಾಗ ಅದು ತಳ ಹಿಡಿದು ಬಿಡದೆ ಕೂತಿತು. ಸೊಸೆ ಬಗ್ಗಿ ನೋಡಿದಳು. "ಏನೂ ಹೇಳ್ಬೇಡ" ಎಂದರು ಅತ್ತೆ. ಪಿಪೆಟ್ಟು ಬರುತ್ತಿದ್ದಳು, ಕೆರೆಯುತ್ತಿದ್ದಳು, ಓಡುತ್ತಿದ್ದಳು. ಒಂದು ಸಲ ಫೋನಿನಲ್ಲಿ "ಬೆಂಜೋಪೈರೀನ್ ಬಂತು ಮೇಡಂ, ಬಂತು!" ಎಂದು ಅವಳು ಕಿರುಚಿದ್ದಕ್ಕೆ, ಅತ್ತೆ ಆ ಸಂತೋಷಕ್ಕೆ ಎಲ್ಲರಿಗೂ ಸಿಹಿ ಕಾಫಿ ಮಾಡಿದರು.

ಶನಿವಾರ ಸಂಜೆಯ ಹೊತ್ತಿಗೆ ಬಾಣಲೆ ಕಾಡಿಗೆಯಂತೆ ಕಪ್ಪಗಾಗಿ, ಬೆರಳಿಟ್ಟರೆ ನುಣುಪಾಗಿ ಜಾರುತ್ತಿತ್ತು. ಪಿಪೆಟ್ಟು ಈ ಸಲ ಫೋನು ಮಾಡದೆ ತಾನೇ ಬಂದಳು. ಎರಡು ಗ್ರಾಫುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಹರಡಿದಳು. ಎರಡರಲ್ಲೂ ಒಂದೇ ತರಹದ ಏರಿಳಿತ, ಒಂದೇ ತರಹದ ಮೊನೆಗಳು. ಅತ್ತೆ ಸೊಸೆ ಇಬ್ಬರೂ ಬಗ್ಗಿ ನೋಡಿದರು.

"ಆಯ್ತಲ್ಲ!" ಎಂದರು ಅತ್ತೆ.

"ಇದೊಂದಿಲ್ಲ," ಎಂದಳು ಪಿಪೆಟ್ಟು.

ಹಳೆಯ ಗ್ರಾಫಿನ ಕೊನೆಯಲ್ಲಿ ಒಂದು ಪುಟ್ಟ ಮೊನೆ. ಅದರ ಸುತ್ತ ಗಂಡ ಪೆನ್ಸಿಲಿನಲ್ಲಿ ಸುತ್ತುಹಾಕಿ, ಪಕ್ಕದಲ್ಲಿ ಪ್ರಶ್ನೆಚಿಹ್ನೆ ಬರೆದಿದ್ದ. ಹೊಸ ಗ್ರಾಫಿನಲ್ಲಿ ಆ ಜಾಗ ನೆಟ್ಟಗೆ, ಖಾಲಿಯಾಗಿತ್ತು.

"ಏನದು?"

"ಸರ್‌ಗೂ ಗೊತ್ತಿರ್ಲಿಲ್ಲ. ಅದನ್ನ ನೋಡೋಕೇ ಬಾಣಲೆ ಇಟ್ಕೊಂಡಿದ್ರು."

ಸೊಸೆ ಮತ್ತೆ ಒಲೆ ಹಚ್ಚಲು ಎದ್ದಳು. ಅತ್ತೆ ಕೈ ಹಿಡಿದುಕೊಂಡರು. "ಸಾಕು ಕಣೆ. ಅಷ್ಟು ಓದಿದ ನನ್ನ ಮಗನಿಗೆ ಸಿಕ್ಕದ್ದು ನಮಗೆ ಸೌದೆ ಉರೀಲಿ ಸಿಕ್ಕುತ್ತಾ?"

"ಗ್ಯಾಸ್ ಉರಿ, ಅತ್ತೆ."

"ಯಾವ್ದೋ ಒಂದು ಉರಿ. ಕರ್ರಗಿದೆ, ನುಣ್ಣಗಿದೆ, ಕೊಟ್ಬಿಡು. ಆ ಗರಿಗರಿಯಣ್ಣನಿಗೇನು ಗ್ರಾಫು ಓದೋಕೆ ಬರುತ್ತಾ?"

ಬರುವುದಿಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೂ 'ಇದ್ದ ಹಾಗೇ' ಎಂಬ ಮಾತನ್ನು ಹೇಳಿಕೊಂಡು ಕೊಡಲು ಬಾಯಿ ಬರುವುದಿಲ್ಲ ಎಂಬುದೂ ಗೊತ್ತಿತ್ತು. ಆ ಮಾತನ್ನು ಬಿಟ್ಟರೆ ಗಂಡ ಹೇಳಿದ್ದು ಸುಳ್ಳಾಗುತ್ತದೆ. ಹೇಳಿದರೆ ಅವಳು ಹೇಳಿದ್ದು ಸುಳ್ಳಾಗುತ್ತದೆ. ಹಾಸಿಗೆಯಲ್ಲಿ ಹೊರಳಾಡಿದರೂ ಅದಕ್ಕೆ ಮೂರನೆಯ ದಾರಿ ಕಾಣಲಿಲ್ಲ.

ಭಾನುವಾರ ಬೆಳಿಗ್ಗೆ ಬಾಣಲೆಯನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಹೊರಟಳು. ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಸ್ಟೂಲಿನ ಮೇಲೆ ಅಗಲವಾದ ಹೆಂಗಸೊಬ್ಬಳು ಕೂತು ಆಲೂಗಡ್ಡೆ ಹೆಚ್ಚುತ್ತಿದ್ದಳು. ಪ್ರತಿ ಹೋಳಿಗೂ ಚಾಕು ಟಕ್ಕೆಂದು ಹಲಗೆಗೆ ಬಡಿಯುತ್ತಿತ್ತು. ಅವಳ ಬೆನ್ನ ಹಿಂದೆ ನಿಂತಿದ್ದ ಗರಿಗರಿಯಣ್ಣನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಹೆಂಡತಿ ರಾತ್ರಿಯೇ ಬಂದುಬಿಟ್ಟಿದ್ದಳು.

"ಏನ್ ಬೇಕಿತ್ತಮ್ಮ? ಇವತ್ತು ಕರಿಯೋದು ತಡ ಆಗುತ್ತೆ. ಬಾಣಲೆ ರಿಪೇರಿಗೆ ಹೋಗಿದೆಯಂತೆ." 'ಅಂತೆ' ಎನ್ನುವಾಗ ಚಾಕು ಇನ್ನೂ ಜೋರಾಗಿ ಬಡಿಯಿತು.

ಗರಿಗರಿಯಣ್ಣ ಹೆಂಡತಿಯ ತಲೆಯ ಮೇಲಿನಿಂದ ಕೈ ಆಡಿಸಿದ. ಒಂದು ಕೈಯಲ್ಲಿ ಹಿಡಿ ಹಿಡಿದಂತೆ ಮಾಡಿ, ಇನ್ನೊಂದು ಕೈಯಲ್ಲಿ ಸುತ್ತಿಗೆಯಿಂದ ಬಡಿದಂತೆ ಮಾಡಿ, ಆಮೇಲೆ ಎರಡೂ ಕೈ ಮುಗಿದ.

ಅವಳು ಬಾಣಲೆಯನ್ನು ಚೀಲದಿಂದ ತೆಗೆದಳು.

"ಓ, ನೀವು ರಿಪೇರಿ ಅಂಗಡಿಯವರ ಕಡೆಯವರಾ?"

ಹೌದು ಅಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಗಂಡ ಈ ಬಾಣಲೆಯನ್ನು ಎಂದೂ ಮುಟ್ಟಿಯೇ ಇಲ್ಲ ಎಂದಾಗುತ್ತಿತ್ತು.

"ಅಲ್ಲ," ಎಂದಳು. "ಇದನ್ನ ನನ್ನ ಗಂಡ ಎರವಲು ತಗೊಂಡಿದ್ರು. ಇದರೊಳಗಿನ ಕರೀಲಿ ಏನಿದೆ ಅಂತ ನೋಡೋಕೆ."

ಗರಿಗರಿಯಣ್ಣ ಮುಗಿದ ಕೈಯನ್ನು ಹಾಗೇ ತಲೆಯ ಮೇಲೆ ಇಟ್ಟುಕೊಂಡ. ಹೆಂಡತಿ ನಿಧಾನವಾಗಿ ಹಿಂದೆ ತಿರುಗಿ ಅವನನ್ನು ನೋಡಿದಳು. "ನಿಮ್ಮ ಕಥೆ ಆಮೇಲೆ," ಎಂದಳು. ಬಾಣಲೆಯೊಳಗೆ ಬೆರಳಾಡಿಸಿದಳು. ಮೂಸಿದಳು.

"ಯಾರೋ ಉಜ್ಜಿದಾರೆ."

"ಹೌದು. ಗೊತ್ತಿಲ್ದೆ ಪೂರ್ತಿ ತೊಳೆದುಬಿಟ್ಟಿದ್ರು. ಮತ್ತೆ ಕರಿ ಹಿಡಿಸಿದ್ದು ನಾನು, ನಮ್ಮತ್ತೆ." ಉಸಿರೆಳೆದುಕೊಂಡಳು. "ಇದ್ದ ಹಾಗೇ ಆಗಿಲ್ಲ. ಹತ್ತಿರ ಹತ್ತಿರ ಬಂದಿದೆ. ಒಂದು ಕಮ್ಮಿ ಇದೆ, ಅದು ಏನು ಅಂತ ನಮಗೆ ಗೊತ್ತಾಗ್ಲಿಲ್ಲ."

ಹೆಂಗಸು ಚಾಕು ಕೆಳಗಿಟ್ಟಳು. "ಇಷ್ಟೊಂದು ಮಾಡೋ ಬದ್ಲು ನಿಮ್ಮ ಯಜಮಾನ್ರೇ ಬಂದು ಹೇಳಬಹುದಿತ್ತಲ್ಲ? ನಾನೇನ್ ತಿಂದುಬಿಡ್ತಿದ್ನಾ?"

ಗರಿಗರಿಯಣ್ಣ ಹಿಂದಿನಿಂದ ಕೆಮ್ಮಿದ. "ಲೇ… ಡಾಕ್ಟ್ರು ಹೋಗ್ಬಿಟ್ರು ಕಣೆ. ನೀನ್ ಊರಲ್ಲಿದ್ದಾಗ."

"ಕ್ಯಾನ್…" ಎಂದು ಶುರುಮಾಡಿದ ಹೆಂಗಸು ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣು ಬಾಣಲೆಯ ಮೇಲಿನಿಂದ ಎದುರಿಗಿದ್ದವಳ ಕೈಗೆ ಹೋಯಿತು. ಬೆರಳುಗಳ ಸಂದಿಯಲ್ಲಿ ಮಸಿ, ಅಂಗೈಯಲ್ಲಿ ಸುಟ್ಟ ಗುಳ್ಳೆ.

"ಅವರ ಕೈಯಲ್ಲಿದ್ದ ವಸ್ತು," ಎಂದಳು ಕೊನೆಗೆ. ದನಿ ಮೆತ್ತಗಾಗಿತ್ತು. "ಬೇಕು ಅನ್ಸಿದ್ರೆ ನೀವೇ ಇಟ್ಕೊಳ್ಳಿ ತಾಯಿ. ನಮ್ಮದು ಹೇಗೋ ನಡೆಯುತ್ತೆ."

ಬಾಣಲೆ ಭಾರವಾಗಿತ್ತು. ಅವಳಿಗೆ ಅದನ್ನು ಎದೆಗೆ ಒತ್ತಿಕೊಂಡು ಮನೆಗೆ ಓಡಬೇಕು ಅನ್ನಿಸಿತು, ನಿಜ.

"ಬೇಡ," ಎಂದಳು. "ವಾಪಸ್ ಕೊಡ್ತೀನಿ ಅಂದಿದ್ರು ಅವರು. ತಗೊಳ್ಳಿ."

ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು, ಎರಡೂ ಕೈ ಚಾಚಿ ತೆಗೆದುಕೊಂಡಳು.